ದಂತದ ಬೆನ್ನು

ವ್ರತದ ದಿನವಾದ ಉಪೋಸಥದ ಹಿಂದಿನ ದಿನ ಬೆಳಗ್ಗೆ ಫೋ ಥೈಕನ ಕೈ ಕೆಲಸಕ್ಕೆ ಬಗ್ಗುವುದಿಲ್ಲ. ಉಳಿ ಹಿಡಿದು ಕೂತಿರುತ್ತಾನೆ, ಎರಡು ಪಾದಗಳ ನಡುವೆ ದಂತದ ತುಂಡು ಇರುತ್ತದೆ, ಒರೆಸುವ ಒದ್ದೆ ಬಟ್ಟೆಯೂ ಪಕ್ಕದಲ್ಲೇ ಇರುತ್ತದೆ. ಆದರೆ ಕಿವಿ ಮಾತ್ರ ಅವನನ್ನು ಬಿಟ್ಟು ಎದ್ದು ಬೀದಿಯ ಆ ತುದಿಗೆ ಹೋಗಿ ನಿಂತುಬಿಡುತ್ತದೆ. ಸಯಾಲೇಗಳು ಅಕ್ಕಿಭಿಕ್ಷೆಗೆ ಬರುವ ದಿನ ಅದು. ಬೋಳುತಲೆಯ, ಗುಲಾಬಿ ಬಟ್ಟೆಯ ಹನ್ನೆರಡು ಸನ್ಯಾಸಿನಿಯರು ಸಾಲಾಗಿ ಬರುತ್ತಾರೆ. ಹನ್ನೊಂದು ಜನರ ನಡಿಗೆ ಒಂದೇ ಹದ. ಸಾಲಿನ ಕೊನೆಯವಳದು ಮಾತ್ರ ಬೇರೆ, ಒಂದು ಹೆಜ್ಜೆ ಊರಿದ ಸದ್ದು, ಒಂದು ಹೆಜ್ಜೆ ಎಳೆದ ಸದ್ದು. ಆ ಎಳೆದ ಹೆಜ್ಜೆಯ ಮೇಲ್ಭಾಗದಲ್ಲಿ, ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ, ತಾನು ಕೆತ್ತಿಕೊಟ್ಟ ಆನೆದಂತದ ಚೆಂಡು ಕೂತಿದೆ ಎಂದು ಫೋ ಥೈಕ್ ಎರಡು ವರ್ಷದಿಂದ ತಿಳಿದಿದ್ದಾನೆ. ಅವಳು ಇಪ್ಪತ್ತೆರಡು ವರ್ಷ ಅವನ ಹೆಂಡತಿಯಾಗಿದ್ದವಳು. ಆಗ ಮಾ ಯಿನ್ ಶ್ವೇ, ಈಗ ಡೋ ಖೇಮಾಚಾರಿ. ಹೆಸರು ಬದಲಾದ ಮಾತ್ರಕ್ಕೆ ಕಾಲು ಬದಲಾಗುತ್ತದೆಯೇ ಎಂದು ಅವನು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಾನೆ. ಬದಲಾಗಿತ್ತು, ಅದನ್ನು ಬದಲಾಯಿಸಿದವನೂ ತಾನೇ.

ಕಳೆದ ಮೂರು ಭಿಕ್ಷೆಯ ದಿನಗಳಿಂದ ಆ ನಡಿಗೆಯಲ್ಲಿ ಇನ್ನೊಂದು ಸದ್ದು ಸೇರಿಕೊಂಡಿತ್ತು. ಎಳೆದ ಹೆಜ್ಜೆ ನೆಲಕ್ಕೆ ಬರುವಾಗ ಟಿಕ್ ಎಂದು ಒಂದು ಒಣ ಸದ್ದು. ಬೇರೆಯವರಿಗೆ ಅದು ಕೇಳಿಸಿರಲಿಕ್ಕಿಲ್ಲ, ಕೇಳಿಸಿದರೂ ಊರುಗೋಲು ಅಂದುಕೊಳ್ಳುತ್ತಾರೆ. ನಲವತ್ತೈದು ವರ್ಷ ದಂತದ ಜೊತೆ ಬಾಳಿದವನ ಕಿವಿಗೆ ಅಷ್ಟು ಸಾಕು. ಮರ ಹಾಗೆ ಸದ್ದು ಮಾಡುವುದಿಲ್ಲ, ಕೊಂಬೂ ಮಾಡುವುದಿಲ್ಲ. ಅದು ದಂತವೇ. ಒಳಗೆ ಸೀಳಿದ ದಂತ ಹಾಗೆ ಮಾತಾಡುತ್ತದೆ ಎಂದು ಅವನಿಗೆ ಗೊತ್ತಿತ್ತು, ಯಾಕೆಂದರೆ ಸೀಳನ್ನು ಒಳಗೆ ಇಟ್ಟು ಕಳಿಸಿದವನು ಅವನು. ಮೊದಲ ಸಲ ಕೇಳಿದಾಗ ಉಳಿ ಜಾರಿ ಹೆಬ್ಬೆರಳಿಗೆ ತಗುಲಿತು. ಎರಡನೆಯ ಸಲ ಹಿತ್ತಲಿಗೆ ಹೋದ. ಮೂರನೆಯ ಸಲ ಹೊಟ್ಟೆನೋವೆಂದು ಚಾಪೆ ಹಾಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ. ಮೂರು ಸಲವೂ ಬಾಗಿಲಿಗೆ ಹೋಗಿ ಅಕ್ಕಿ ಹಾಕಿದವಳು ಅವನ ಅಕ್ಕ, ವಿಧವೆ ಡೋ ಛಿತ್.

ಇವತ್ತೂ ಅಕ್ಕಿಯ ಪಾತ್ರೆ ತಂದು ಅವನ ಮುಂದೆ ಕುಕ್ಕಿದಳು. ಮುಖಕ್ಕೆಲ್ಲ ತನಖಾ ತೊಗಟೆಯ ಗಂಧ ಹಚ್ಚಿ, ಬಾಯಲ್ಲಿ ಅರ್ಧ ಸೇದಿದ ಚುಟ್ಟಾ ಕಚ್ಚಿಕೊಂಡಿದ್ದಳು.

“ತಮ್ಮಾ, ಇವತ್ತು ನೀನೇ ಹಾಕು. ನನ್ನ ಮಂಡಿ ನನಗೆ ಸಾಕಾಗಿದೆ. ಪುಣ್ಯನೆಲ್ಲ ನಾನೊಬ್ಬಳೇ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?”

ಅವಳು ಹೊಗೆ ಬಿಟ್ಟು, ಹೆಂಡತಿಗೆ ಹೆದರುವ ಗಂಡಂದಿರನ್ನು ಮಾಂಡಲೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ, ಬಿಟ್ಟುಹೋದ ಹೆಂಡತಿಗೆ ಹೆದರುವವನನ್ನು ಈ ಮನೆಯಲ್ಲೇ ನೋಡಿದ್ದು ಎಂದು ಗೊಣಗುತ್ತ ಒಳಗೆ ಹೋದಳು. ಬಿಟ್ಟುಹೋದಳು ಎನ್ನುವ ಮಾತು ಅವನಿಗೆ ಆಗದು. ಬಿಟ್ಟುಹೋಗಲಿಲ್ಲ, ಕೇಳಿಕೊಂಡು ಹೋದಳು. ಅದೇ ಅವನ ಉರಿ. ಗಂಡನ ಒಪ್ಪಿಗೆ ಇಲ್ಲದೆ ಮಠದವರು ಯಾರ ತಲೆಯನ್ನೂ ಬೋಳಿಸುವುದಿಲ್ಲ. ಹೊಸ ವರ್ಷದ ಹಬ್ಬದ ಮುಂದೆ ಒಂಬತ್ತು ದಿನ ಸಯಾಲೇ ಆಗಿ ಬರುತ್ತೇನೆ ಅಂದಳು. ಎಲ್ಲರ ಹೆಂಡತಿಯರೂ ಒಂದಲ್ಲ ಒಂದು ವರ್ಷ ಹಾಗೆ ಹೋಗಿ ಕೂದಲು ಬೆಳೆಯುವ ಮುಂಚೆ ಮನೆಗೆ ಬರುತ್ತಾರೆ. ಅವನೂ ಹೂಂ ಅಂದ. ತಲೆ ಬೋಳಿಸುವಾಗ ಬಿಳಿಬಟ್ಟೆಯ ಒಂದು ತುದಿಯನ್ನು ಅವನು ಹಿಡಿದುಕೊಂಡ, ಇನ್ನೊಂದು ತುದಿಯನ್ನು ಅಕ್ಕ ಹಿಡಿದುಕೊಂಡಳು, ಕೂದಲು ನೆಲಕ್ಕೆ ಬೀಳಬಾರದಲ್ಲ. ಸೊಂಟದವರೆಗಿದ್ದ ಕೂದಲು ಒಂದೊಂದೇ ಹಿಡಿಯಾಗಿ ಬಟ್ಟೆಗೆ ಬಿತ್ತು. ಇಷ್ಟು ತೂಕವನ್ನು ಇವಳು ದಿನಾ ಹೊತ್ತಿದ್ದಳೇ ಎಂದು ಅವನಿಗೆ ಆಶ್ಚರ್ಯವಾಯಿತು. ಕೂದಲ ಮೇಲೆ ಕೊನೆಗೆ ಅವಳು ತನ್ನ ಬಾಚಣಿಗೆಯನ್ನೂ ಇಟ್ಟಳು. ಎದುರುಮನೆಯ ತುನ್ ಯಾ ಮಾಡಿದ ದಂತದ ಬಾಚಣಿಗೆ. ಒಂಬತ್ತನೆಯ ದಿನ ಕರೆದುಕೊಂಡು ಬರಲು ಹೋದವನಿಗೆ, ದಾಯಕರೇ, ಬಂದದ್ದು ಒಳ್ಳೇದಾಯ್ತು, ಕೂತ್ಕೊಳ್ಳಿ, ಅಂದಳು. ದಾಯಕರೇ. ಅಕ್ಕಿ ಹಾಕುವ ಯಾವ ಅಂಗಡಿಯವನಿಗೂ ಅನ್ನುವ ಹಾಗೆ. ಅವಳ ಬಾಯಲ್ಲಿ ಸಲಿಗೆಯ ಕೋ ಥೈಕ್ ಆಗಿದ್ದವನು ಒಂಬತ್ತು ದಿನದಲ್ಲಿ ದಾಯಕರಾಗಿಬಿಟ್ಟಿದ್ದ. ಅವನು ಕೂರಲಿಲ್ಲ. ಆದರೆ ಹೊರಡುವ ಮುಂಚೆ ಬಗ್ಗಿ ಕೈಮುಗಿಯಬೇಕಾಯಿತು, ಸುತ್ತ ಜನ ಇದ್ದರು.

ಆ ಬಾಚಣಿಗೆಯ ಕಥೆ ದೊಡ್ಡದೇನೂ ಅಲ್ಲ. ಮದುವೆಯಾದ ಹೊಸದರಲ್ಲಿ ಒಂದು ಬಾಚಣಿಗೆ ಮಾಡಿಕೊಡಿ ಅಂದಿದ್ದಳು. ಬುದ್ಧನನ್ನು ಕೆತ್ತುವ ಕೈ ಹೇನು ಬಾಚುವ ಸಾಮಾನು ಮಾಡುವುದಿಲ್ಲ ಅಂದಿದ್ದ. ತಮಾಷೆಗೆ ಅಂದದ್ದು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಅವಳು ಏನೂ ಅನ್ನಲಿಲ್ಲ, ಬೀದಿ ದಾಟಿ ಹೋಗಿ ಕೊಂಡುಕೊಂಡು ಬಂದಳು. ಏನೂ ಅನ್ನದಿರುವುದೇ ಅವಳ ರೀತಿ. ಮಹಾಮುನಿಯ ಗುಡಿಯಲ್ಲಿ ಒಮ್ಮೆ ಚಿನ್ನದ ಹಾಳೆ ಅವನ ಕೈಗೆ ಕೊಟ್ಟು ಕಟಕಟೆಯ ಹಿಂದೆ ನಿಂತಳು, ಹೆಂಗಸರು ಅಲ್ಲಿಂದ ಮುಂದೆ ಹೋಗುವ ಹಾಗಿಲ್ಲ. ನನ್ನ ಹೆಸರಲ್ಲಿ ಬುದ್ಧನ ಎದೆಗೆ ಹಚ್ಚಿ ಬನ್ನಿ ಅಂದಳು. ಮೇಲೆ ಜನ ನೂಕುತ್ತಿದ್ದರು, ಅವನು ಹಿಂದಿನಿಂದಲೇ ಬಗ್ಗಿ ಬೆನ್ನಿಗೆ ಹಚ್ಚಿ, ಯಾರ ಹೆಸರನ್ನೂ ಹೇಳದೆ ಇಳಿದು ಬಂದ. ಎದೆಗೇ ಹಚ್ಚಿದ್ರಾ ಅಂತ ಕೇಳಿದಳು. ಹೂಂ ಅಂದ. ಅವಳು ಅವನ ಬೆರಳನ್ನು ನೋಡಿದಳು, ಮುಖವನ್ನು ನೋಡಿದಳು, ತಿನ್ನೋಕೆ ಉಪ್ಪಿನ ಟೀ ಎಲೆ ಕೊಳ್ಳೋಣ ಬನ್ನಿ ಅಂದಳು. ಬೈದಿದ್ದರೆ ಅವನೂ ಬೈಯುತ್ತಿದ್ದ, ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಬೀದಿಯ ತುದಿಯಲ್ಲಿ ಕಂಚಿನ ತಾಳದ ಸದ್ದಾಯಿತು. ಸಾಲು ಇನ್ನೂ ದೂರವಿದೆ, ಹತ್ತು ಮನೆಗಳಾದರೂ ಇವೆ. ಎದುರುಮನೆಯ ಜಗಲಿಯಲ್ಲಿ ತುನ್ ಯಾ ತನ್ನ ಸಣ್ಣ ಗರಗಸದಿಂದ ಬಾಚಣಿಗೆಯ ಹಲ್ಲು ಕೊಯ್ಯುತ್ತಿದ್ದ. ತಲೆ ಎತ್ತಿ, ಊಟ ಆಯ್ತಾ, ಅಂದ. ಈ ಮನುಷ್ಯ ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಇದೇ ಪ್ರಶ್ನೆ ಕೇಳುತ್ತಿದ್ದಾನೆ, ಫೋ ಥೈಕ್ ಗಂಟಲಿನಲ್ಲೇ ಒಂದು ಸದ್ದು ಮಾಡುತ್ತಾನೆ. ಎರಡು ವರ್ಷದಿಂದೀಚೆಗೆ ಆ ಜಗಲಿಯ ಮುಂದೆ ಮೂಳೆ ಡಾಕ್ಟರ ಸೈಕಲ್ಲು ನಿಲ್ಲುವುದನ್ನು ಕಂಡಾಗಲೆಲ್ಲ ಆ ಸದ್ದು ಇನ್ನೂ ಸಣ್ಣದಾಗಿತ್ತು. ಅಗ್ಗಕ್ಕೆ ಮಾಡಿಕೊಡುತ್ತಾನೆ, ಹೋಗುತ್ತಾರೆ. ಇರಲಿ.

ಡಾಕ್ಟರ್ ತೇಂಗ್ ಮಾಂಗ್ ಮೊದಲು ಬಂದದ್ದು ಫೋ ಥೈಕನ ಬಾಗಿಲಿಗೇ. ವೃತ್ತಪತ್ರಿಕೆಯಲ್ಲಿ ಸುತ್ತಿದ ಸುಣ್ಣದ ಅಚ್ಚೊಂದನ್ನು ಚಾಪೆಯ ಮೇಲೆ ಇಟ್ಟರು. ತೊಡೆಮೂಳೆಯ ಮೇಲಿನ ತುದಿ, ಒಂದು ಚೆಂಡು, ಅದಕ್ಕೊಂದು ಕತ್ತು, ಕೆಳಗೆ ಬಾಲದಂತೆ ಒಂದು ಗೂಟ. ಮುದುಕಿಯರು ಜಾರಿ ಬಿದ್ದರೆ ಈ ಕತ್ತೇ ಮುರಿಯುವುದು, ಮುರಿದದ್ದು ಕೂಡುವುದಿಲ್ಲ ಎಂದರು. ಮರಳಚೀಲ ಕಟ್ಟಿ ಮಲಗಿಸುತ್ತೇವೆ, ಬೆನ್ನು ಹುಣ್ಣಾಗುತ್ತದೆ, ಮಳೆಗಾಲದೊಳಗೆ ಹೋಗಿಬಿಡುತ್ತಾರೆ. ಹೊರದೇಶದವರು ಈ ಚೆಂಡನ್ನು ಲೋಹದಲ್ಲಿ ಮಾಡಿ ಕೂರಿಸುತ್ತಿದ್ದಾರೆ. ಅದನ್ನು ತರಿಸಲು ನಮ್ಮ ಕೈಯಲ್ಲಿ ಆಗುವುದಿಲ್ಲ, ತರಿಸಿದರೂ ಲೋಹ ಮೈಯೊಳಗೆ ಬಾಡಿಗೆಗೆ ಇದ್ದ ಹಾಗೆ ಇರುತ್ತದೆ, ದಂತವಾದರೆ ನೆಂಟನಾಗುತ್ತದೆ, ಮೂಳೆ ಅದನ್ನು ಅಪ್ಪಿಕೊಳ್ಳುತ್ತದೆ ಎಂದರು. ಹಿಂದೆ ಯಾವುದೋ ದೇಶದಲ್ಲಿ ಯಾರೋ ದಂತ ಹಾಕಿ ನೋಡಿ ಬಿಟ್ಟಿದ್ದರಂತೆ, ಅವರಿಗೆ ಇಷ್ಟು ಒಳ್ಳೆಯ ಕೆತ್ತುವವರು ಸಿಕ್ಕಿರಲಿಕ್ಕಿಲ್ಲ ಎಂದು ನಕ್ಕರು. ಕೇರಿಯೆಲ್ಲ ಸೇರಿತ್ತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಿದ್ರು, ಈಗ ಮುದುಕಿಯರ ಕುಂಡೆಗೂ ಬಂತಪ್ಪ ಎಂದು ಒಬ್ಬ ಅಂದ. ನಾಳೆ ಅವರೆಲ್ಲ ಇರಾವತಿಗೆ ಇಳಿದು ಸೊಂಡಿಲಲ್ಲಿ ನೀರು ಎರಚ್ತಾರೆ ನೋಡು ಎಂದು ಇನ್ನೊಬ್ಬ. ಫೋ ಥೈಕ್ ನಗಲಿಲ್ಲ. ಹೊಗಳಿಕೆ ಅವನನ್ನು ಹಿಡಿದಿತ್ತು. ಆಗಲಿ ಅಂದ. ಮೊದಲ ನಾಲ್ಕು ಚೆಂಡುಗಳನ್ನು ಬುದ್ಧನ ಮುಖವನ್ನು ಮಾಡುವಷ್ಟೇ ನಯವಾಗಿ ಮಾಡಿದ. ಆ ನಾಲ್ಕೂ ಹೆಂಗಸರು ಎದ್ದು ನಡೆದರು, ಒಬ್ಬಳು ಬಾಳೆಹಣ್ಣಿನ ಗೊನೆ ತಂದುಕೊಟ್ಟು ಹೋದಳು.

ಐದನೆಯ ಚೀಟಿಯಲ್ಲಿ ಅಳತೆಯ ಜೊತೆಗೆ ಹೆಸರಿತ್ತು. ಸಯಾಲೇ ಡೋ ಖೇಮಾಚಾರಿ, ವಯಸ್ಸು ಐವತ್ತಾರು, ಮಠದ ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದು. ಆ ವಾರ ಅವನ ಹತ್ತಿರ ಇದ್ದದ್ದು ಒಂದೇ ದಂತ. ಅಕ್ಕಿ ಗಿರಣಿಯವರು ಮಠಕ್ಕೆ ಕೊಡಲು ಬುದ್ಧನ ಪ್ರತಿಮೆ ಹೇಳಿದ್ದರು, ಅದಕ್ಕೂ ಆ ದಂತದಲ್ಲೇ ಆಗಬೇಕು. ತುದಿಯ ಕಡೆಯ ಅರ್ಧ ಮೊಸರಿನ ಹಾಗೆ ಗಟ್ಟಿ, ಒಂದು ಕಲೆ ಇಲ್ಲ. ಬುಡದ ಕಡೆಯ ಅರ್ಧದಲ್ಲಿ ಕೂದಲೆಳೆಯಷ್ಟು ಬಿರುಕು, ಬೇಸಿಗೆಯಲ್ಲಿ ಒದ್ದೆ ಬಟ್ಟೆ ಸುತ್ತದೆ ಇಟ್ಟದ್ದಕ್ಕೆ ಬಂದದ್ದು. ಒಳ್ಳೆಯದು ಬುದ್ಧನಿಗೆ. ಇದರಲ್ಲಿ ಯೋಚಿಸುವುದೇನಿದೆ? ಬಿರುಕು ಸಿಕ್ಕರೆ ಏನು ಮಾಡಬೇಕೆಂದು ಅವನ ಅಪ್ಪ ಅವನಿಗೆ ಕಲಿಸಿದ್ದ. ಮೇಣದಲ್ಲಿ ದಂತದ ಪುಡಿ ಕಲಸಿ ತುಂಬಬೇಕು, ಒರಟು ಎಲೆಯಲ್ಲಿ ತಿಕ್ಕಿ ನಯ ಮಾಡಬೇಕು, ಆ ಮಗ್ಗುಲನ್ನು ಬೆನ್ನಿಗೆ ತಿರುಗಿಸಬೇಕು. ಬೆನ್ನಿಗೆ ಯಾರೂ ಕೈಮುಗಿಯುವುದಿಲ್ಲ. ಇಡೀ ಕೇರಿ ಮಾಡುವುದು ಹಾಗೆಯೇ, ಅದನ್ನು ಮೋಸ ಎಂದು ಯಾರೂ ಕರೆದಿಲ್ಲ. ಚೀಟಿಯನ್ನು ಗೋಡೆಗೆ ಸಿಕ್ಕಿಸಿ, ಆ ಹೆಸರಿನ ಎದುರಿಗೇ ಕೂತು ಅವನು ಬಿರುಕಿಗೆ ಮೇಣ ತುಂಬಿದ. ಯಾವತ್ತಿಗಿಂತಲೂ ಚೆನ್ನಾಗಿ ತುಂಬಿದ. ತುಂಬುವಾಗ ಒಳಗೆಲ್ಲೋ ಒಂದು ಸುಖ ಎದ್ದಿತು, ಹುಣ್ಣನ್ನು ಕೆರೆದುಕೊಂಡಾಗ ಆಗುವಂಥದು. ಕಸುಬಿನ ಪದ್ಧತಿ, ಕಸುಬಿನ ಪದ್ಧತಿ ಎಂದು ಈ ಎರಡು ವರ್ಷ ಜಪ ಮಾಡಿದ್ದಾನೆ, ಆದರೆ ಆ ಸುಖ ಯಾವ ಪದ್ಧತಿಯದು ಎಂದು ಕೇಳಿಕೊಂಡ ಕೂಡಲೇ ಮಣಿ ಎಣಿಸುವ ಕೈ ನಿಲ್ಲುತ್ತದೆ. ಗಿರಣಿಯವರ ಬುದ್ಧ ಈಗ ಮಠದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿದ್ದಾನೆ, ಎಲ್ಲರೂ ಎಷ್ಟು ಶಾಂತವಾದ ಮುಖ ಅನ್ನುತ್ತಾರೆ. ಮಾಡಿದವನು ಮಾತ್ರ ಆ ಮುಖದ ಮುಂದೆ ಕೂರಲಾರದೆ ಕಂಬದ ಪಕ್ಕ ಕೂರುತ್ತಾನೆ. ಒಂದೇ ದಂತದ ಎರಡು ಅರ್ಧ. ಒಂದು ಅರ್ಧ ಕಣ್ಣು ಮುಚ್ಚಿಕೊಂಡಿದೆ, ಇನ್ನೊಂದು ಪ್ರತಿ ಉಪೋಸಥದ ಹಿಂದಿನ ದಿನ ಅವನ ಬಾಗಿಲಿಗೆ ನಡೆದು ಬರುತ್ತದೆ.

ಟೀ ಅಂಗಡಿಯಲ್ಲಿ ಅವನನ್ನು ಹೊಗಳಿದರು. ಬಿಟ್ಟುಹೋದವಳು ನಿನ್ನ ದಂತದ ಮೇಲೇ ನಡೀತಾಳಲ್ಲ, ದೊಡ್ಡ ಮನಸ್ಸಯ್ಯಾ ನಿಂದು ಅಂದರು. ಅವನು ಹೊಗಳಿಕೆಯನ್ನು ಬಿಸಿ ಟೀಯಂತೆ ನಿಧಾನಕ್ಕೆ ಕುಡಿದ. ಪಕ್ಕದ ಮಣೆಯಲ್ಲಿ ಕೂತಿದ್ದ ತುನ್ ಯಾ ಚಮಚ ತಿರುಗಿಸುತ್ತಲೇ ಇದ್ದ. ಹೊಟ್ಟೆಕಿಚ್ಚು ಎಂದುಕೊಂಡಿದ್ದ ಫೋ ಥೈಕ್.

ಟಿಕ್.

ಬಂತು. ಮೂರು ಮನೆ ಆಚೆ. ಊರಿದ ಹೆಜ್ಜೆ, ಎಳೆದ ಹೆಜ್ಜೆ, ಟಿಕ್. ಆ ಚೆಂಡು ಇವತ್ತೋ ನಾಳೆಯೋ ಎರಡು ಹೋಳಾಗುತ್ತದೆ. ಬೀದಿಯಲ್ಲೇ ಕುಸಿಯುತ್ತಾಳೆ, ಚೂಪಾದ ಅಂಚು ಒಳಗಿನ ಮಾಂಸವನ್ನು ಕೊಯ್ಯುತ್ತದೆ, ಡಾಕ್ಟರು ಬಿಚ್ಚಿ ನೋಡುತ್ತಾರೆ, ಮೇಣ ಕಾಣುತ್ತದೆ. ಮೇಣ ಕಾಣುತ್ತದೆ ಎಂಬಲ್ಲಿಗೆ ಬಂದು ಯೋಚನೆ ನಿಂತಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮಾಂಸದ ಹತ್ತಿರ ನಿಲ್ಲಲಿಲ್ಲವಲ್ಲ ಅದು. ಈಗಲೇ ಹೇಳಿದರೆ ಡಾಕ್ಟರು ತೆಗೆದು ಬೇರೆ ಹಾಕಬಹುದು. ಹೇಳಿದರೆ ನಲವತ್ತೈದು ವರ್ಷದ ಹೆಸರು ಈ ಬೀದಿಯ ಧೂಳಿಗೆ ಹೋಗುತ್ತದೆ, ಅದೂ ಎದುರು ಜಗಲಿಯ ಬಾಚಣಿಗೆಯವನ ಕಣ್ಣೆದುರು. ಅವಳು ಬೀಳಲಿ ಎಂದು ಮನಸ್ಸಿನ ಒಂದು ಮೂಲೆ ತಣ್ಣಗೆ ಅಂದಿತು. ಅಷ್ಟು ವರ್ಷ ಏನೂ ಅನ್ನದೆ ಇದ್ದಳಲ್ಲ, ಈಗಲಾದರೂ ಕಿರುಚಲಿ. ಆ ಮಾತು ತನ್ನದೇ ಎಂದು ಗುರುತು ಹಿಡಿದ ಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕಿಯ ಪಾತ್ರೆ ಎತ್ತಿಕೊಂಡು, ಹೆಗಲಿಗೆ ಬಟ್ಟೆ ಹಾಕಿಕೊಂಡು ಬಾಗಿಲಿಗೆ ಬಂದ.

ಸಾಲು ಬಂತು. ಒಬ್ಬೊಬ್ಬರ ಪಾತ್ರೆಗೂ ಒಂದೊಂದು ಸೌಟು ಅಕ್ಕಿ ಹಾಕುತ್ತ ಹೋದ. ಹನ್ನೊಂದು ಜನ ಪಾಠದಂತೆ ಹರಸಿ ಮುಂದೆ ನಡೆದರು. ಹನ್ನೆರಡನೆಯವಳು ಎದುರಿಗೆ ನಿಂತಳು. ಮುಖ ಬಡವಾಗಿತ್ತು, ಬೋಳಿಸಿದ ತಲೆಯ ಕೆಳಗೆ ಅದೇ ಕಣ್ಣು. ಬೆರಳನ್ನು ನೋಡಿ ಆಮೇಲೆ ಮುಖವನ್ನು ನೋಡುವ ಕಣ್ಣು.

“ಮೂರು ಸಲದಿಂದ ಕಾಣ್ಲಿಲ್ಲ, ದಾಯಕರೇ. ಆರೋಗ್ಯವಾ?”

ಸೌಟು ಅರ್ಧಕ್ಕೆ ನಿಂತಿತು. ಸಿಟ್ಟು ಬಂತು. ನಾಲಿಗೆಯ ಮೇಲೆ ಒಂದು ಬೈಗುಳವೇ ಬಂದಿತ್ತು, ಆದರೆ ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆ.

“ಸಯಾಲೇ, ನಡೀಬೇಡಿ. ಅಲ್ಲೇ ಕೂತ್ಕೊಳ್ಳಿ, ಆಸ್ಪತ್ರೆಗೆ ಹೇಳಿ ಕಳಿಸ್ತೀನಿ. ಆ ದಂತದಲ್ಲಿ ಬಿರುಕಿದೆ.”

ತುನ್ ಯಾನ ಗರಗಸ ನಿಂತಿತು. ಒಳಗಿನಿಂದ ಅಕ್ಕ ಬಂದು ಬಾಗಿಲಿಗೆ ಒರಗಿದಳು. ಅವನಿಗೆ ಯಾರೂ ಕಾಣಲಿಲ್ಲ. ಕೂದಲೆಳೆಯಷ್ಟು ಬಿರುಕಿತ್ತು, ಗೊತ್ತಿತ್ತು, ಮೇಣ ತುಂಬಿದೆ, ನಿಮ್ಮ ಹೆಸರು ಗೋಡೆಯ ಮೇಲಿತ್ತು, ನೋಡಿಕೊಂಡೇ ತುಂಬಿದೆ ಎಂದು ಹೇಳುತ್ತಲೇ ಹೋದ. ಈಗ ಸದ್ದು ಮಾಡುತ್ತಿದೆ, ನನಗೆ ಕೇಳುತ್ತದೆ ಎಂದ. ಹೇಳುತ್ತ ಹೇಳುತ್ತ, ಬೆನ್ನಿಗೆ ಹಚ್ಚಿದ ಚಿನ್ನದ ಹಾಳೆಯ ಮಾತೂ ನಾಲಿಗೆಯ ತುದಿಗೆ ಬಂತು, ಆದರೆ ಅಷ್ಟರಲ್ಲಿ ಉಸಿರು ಮುಗಿಯಿತು.

ಅವಳು ಕೂರಲಿಲ್ಲ. ಹೆಗಲಿನಿಂದ ಸೊಂಟಕ್ಕೆ ಇಳಿಬಿದ್ದಿದ್ದ ಬಟ್ಟೆಚೀಲಕ್ಕೆ ಕೈ ಹಾಕಿದಳು. ಚೀಲದೊಳಗೆ ಅಕ್ಕಿ ಅಳೆಯುವ ತಗಡಿನ ಡಬ್ಬಿ ಇತ್ತು, ಅದಕ್ಕೆ ಏನೋ ತಾಗಿ ಟಿಕ್ ಎಂದಿತು. ಅದೇ ಸದ್ದು. ಚಿಂದಿಯಲ್ಲಿ ಸುತ್ತಿದ್ದನ್ನು ಹೊರಗೆ ತೆಗೆದು, ಚಿಂದಿ ಬಿಡಿಸಿ, ಅವನ ಸೌಟಿನಲ್ಲಿದ್ದ ಅಕ್ಕಿಯ ಮೇಲೆ ಇಟ್ಟಳು. ಒಂದು ಚೆಂಡು, ಒಂದು ಕತ್ತು, ಕೆಳಗೊಂದು ಗೂಟ. ತನ್ನ ಕೈಕೆಲಸವನ್ನು ಅವನು ಗುರುತು ಹಿಡಿಯಲು ಎರಡು ಉಸಿರು ಬೇಕಾದವು.

“ಇದು ನನ್ನೊಳಗೆ ಹೋಗೇ ಇಲ್ಲ. ಡಾಕ್ಟರು ದೀಪದ ಮುಂದೆ ಹಿಡಿದು ನೋಡಿದ್ರು, ನನಗೂ ತೋರಿಸಿದ್ರು. ಕೆತ್ತಿದವರಿಗೆ ಗೊತ್ತಾಗಿಲ್ಲ ಅನ್ಸುತ್ತೆ ಅಂದ್ರು. ಇರಬಹುದು ಅಂದೆ. ಇಟ್ಕೊಳ್ತೀನಿ ಕೊಡಿ ಅಂದೆ.”

ಹಾಗಾದರೆ ಒಳಗಿರುವುದು ಯಾರದು ಎಂದು ಅವನು ಕೇಳಲಿಲ್ಲ, ಆದರೂ ಅವಳ ಕಣ್ಣು ಅವನ ಹೆಗಲ ಮೇಲಿಂದ ಎದುರು ಜಗಲಿಗೆ ಹೋಯಿತು. ತುನ್ ಯಾ ತಲೆ ತಗ್ಗಿಸಿ ಬಾಚಣಿಗೆಯ ಧೂಳು ಊದುತ್ತಿದ್ದ, ತಪ್ಪು ಮಾಡಿದವನು ಅವನೇ ಎಂಬಂತೆ.

“ಬಾಚಣಿಗೆ ಮಾಡೋರಿಗೆ ಬಿರುಕು ಮುಚ್ಚೋಕೆ ಬರಲ್ಲ ದಾಯಕರೇ,” ಅಂದಳು. “ಮುಚ್ಚಿದ್ರೆ ಹಲ್ಲು ಮುರಿಯುತ್ತಲ್ಲ.”

ಎರಡು ವರ್ಷ. ಟೀ ಅಂಗಡಿಯಲ್ಲಿ ಸುತ್ತುತ್ತಿದ್ದ ಆ ಚಮಚ. ಈ ಬಾಗಿಲಲ್ಲಿ ಎಷ್ಟು ಉಪೋಸಥಗಳ ಅಕ್ಕಿ, ಎಷ್ಟು ಹರಕೆ. ಅವರೆಲ್ಲರಿಗೂ ಗೊತ್ತಿತ್ತು, ಅವನಿಗೆ ಮಾತ್ರ ಗೊತ್ತಿರಲಿಲ್ಲ. ಅವನ ಪಾಪ ಕೂಡ ಅವನದಾಗಿ ಉಳಿಯಲಿಲ್ಲ. ಅವಳನ್ನು ಬೀಳಿಸಿದವನೂ ಅವನಲ್ಲ, ನಡೆಸಿದವನೂ ಅವನಲ್ಲ.

“ಮತ್ತೆ ಯಾಕೆ ಬರ್ತಿದ್ರಿ?” ಎಂದ. ದನಿ ಅವನಿಗೇ ಗುರುತು ಸಿಗದಷ್ಟು ಒರಟಾಗಿತ್ತು. “ನೋಡಿ ನಗೋಕಾ?”

“ನೀವು ಹೇಳ್ತೀರೇನೋ ಅಂತ ಬರ್ತಿದ್ದೆ. ಈಚೆಗೆ, ಸಾಕು, ಕೊಟ್ಟುಬಿಡೋಣ ಅಂತ ತಂದೆ. ಮೂರು ಸಲನೂ ನೀವು ಬಾಗಿಲಿಗೆ ಬರಲಿಲ್ಲ.” ಪಾತ್ರೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಳು. “ಅಕ್ಕಿ ಹಾಕಿ. ಅವರೆಲ್ಲ ಮುಂದೆ ಹೋದ್ರು.”

ಅವನು ಎಡಗೈಯಿಂದ ದಂತವನ್ನು ಎತ್ತಿಕೊಂಡು ಬಲಗೈಯಿಂದ ಅಕ್ಕಿ ಸುರಿದ. ಅವಳು ಕಣ್ಣು ಮುಚ್ಚಿ ಹರಸಿದಳು. ಆಯುಸ್ಸು, ರೂಪ, ಸುಖ, ಬಲ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ, ಪಕ್ಕದ ಮನೆಯ ಎಣ್ಣೆ ವ್ಯಾಪಾರಿಗೆ ಹೇಳಿದ ಅದೇ ರಾಗ. ಅದರಲ್ಲಿ ಸಿಟ್ಟಿನ ಒಂದು ಎಳೆಯಾದರೂ ಸಿಕ್ಕೀತೇ ಎಂದು ಅವನು ಕಿವಿಯಿಟ್ಟ. ಬಿರುಕು ಹುಡುಕುವುದರಲ್ಲಿ ಅವನ ಕಿವಿಯನ್ನು ಮೀರಿಸಿದ ಕಿವಿಯಿಲ್ಲ. ಸಿಗಲಿಲ್ಲ. ಅವಳು ತಿರುಗಿ ನಡೆದಳು. ಊರಿದ ಹೆಜ್ಜೆ, ಎಳೆದ ಹೆಜ್ಜೆ, ಊರಿದ ಹೆಜ್ಜೆ, ಎಳೆದ ಹೆಜ್ಜೆ. ನಡುವೆ ಏನೂ ಇಲ್ಲ. ಆ ಖಾಲಿಯನ್ನು ಕೇಳಿಸಿಕೊಳ್ಳುತ್ತ ಅವನು ಬೀದಿಯ ತಿರುವಿನವರೆಗೂ ಅವಳ ಹಿಂದೆ ಕಿವಿಯಲ್ಲೇ ಹೋದ.

ಅಕ್ಕ ಅಕ್ಕಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಎದುರು ಜಗಲಿಯಲ್ಲಿ ಗರಗಸ ಮತ್ತೆ ಶುರುವಾಯಿತು, ಸ್ವಲ್ಪ ಮೆಲ್ಲಗೆ. ಫೋ ಥೈಕ್ ಚಾಪೆಯ ಮೇಲೆ ಕೂತು ಅಂಗೈ ತೆರೆದ. ಬಿಸಿಲಿಗೆ ಮೇಣ ಯಾವಾಗಲೋ ಕರಗಿಹೋಗಿತ್ತು, ಬಿರುಕು ಅವನು ತುಂಬಿದ ಕಡೆಯಿಂದ ಹೊರಟು ಅರ್ಧ ಚೆಂಡನ್ನು ಸುತ್ತಿ ಬಂದಿತ್ತು. ಅದನ್ನು ಕಾಣದ ಹಾಗೆ ಇಡಬೇಕೆಂದು ಕೈ ತನ್ನಷ್ಟಕ್ಕೆ, ಅಪ್ಪ ಕಲಿಸಿದ ಹಾಗೆ, ಅದನ್ನು ಹಿಂದಕ್ಕೆ ತಿರುಗಿಸಿತು. ಚೆಂಡಿಗೆ ಹಿಂದು ಯಾವುದು? ಇನ್ನೊಂದು ಸುತ್ತು ತಿರುಗಿಸಿದ. ಮತ್ತೆ ತಿರುಗಿಸಿದ. ಹೊತ್ತು ಏರಿ ಬಿಸಿಲು ಚಾಪೆಯನ್ನು ಮುಟ್ಟಿದರೂ, ಬೆನ್ನು ಹುಡುಕುತ್ತ ಅವನ ಬೆರಳುಗಳು ತಿರುಗಿಸುತ್ತಲೇ ಇದ್ದವು.